ಸುರಿದ ಮಳೆ, ಸುರಿಯದ ಮಳೆ: ಸಿನಾರಿಯೋ ಪ್ಲಾನಿಂಗ್ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಎಂಬಿಎ ಎರಡನೇ ವರ್ಷದವರಿಗೆ ಸ್ಟ್ರಾಟೆಜಿ ಪಾಠ ಮಾಡುತ್ತೇನೆ. ಸಿಲಬಸ್‌ನಲ್ಲಿ ಸಿನಾರಿಯೋ ಪ್ಲಾನಿಂಗ್ ಇದೆ, ಅಂದರೆ ಮುಂದೆ ಹೀಗೂ ಆಗಬಹುದು, ಹಾಗೂ ಆಗಬಹುದು ಅಂತ ಕೆಲವು ಕಥೆ ಕಟ್ಟಿ ತೀರ್ಮಾನಕ್ಕೆ ತಯಾರಾಗುವುದು. ಗೊತ್ತಿಲ್ಲದ ಎರಡು ವಿಷಯಕ್ಕೆ ಅಡ್ಡ-ಉದ್ದ ಎರಡು ಗೆರೆ ಎಳೆದು, ಒಂದೊಂದು ಭವಿಷ್ಯಕ್ಕೆ ಒಂದರಂತೆ ನಾಲ್ಕು ಮನೆ ಮಾಡುವುದನ್ನು ಹೇಳಿಕೊಟ್ಟೆ. ಮಕ್ಕಳು ಚೆನ್ನಾಗಿಯೇ ಬರೆದರು, ಸ್ಲೈಡ್ ಕೂಡ ಮಾಡಿದರು. ಆದರೆ ಕೊನೆಗೆ ಎಲ್ಲರೂ ಕೇಳಿದ್ದು ಒಂದೇ: "ಮೇಡಂ, ಇದರಲ್ಲಿ ಯಾವುದು ಆಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಕಲಿಸುವ ಸರಿಯಾದ ದಾರಿ ಯಾವುದು? ಸರಿ ಉತ್ತರವೇ ಇಲ್ಲದ ವಿಷಯಕ್ಕೆ ಮಾರ್ಕ್ಸ್ ಹೇಗೆ ಕೊಡುವುದು?

ಉತ್ತರ: ಮೇಡಂ, ಈ ಪ್ರಶ್ನೆ ನನ್ನ ಕ್ಲಾಸಿನಲ್ಲೂ ಬಂದಿತ್ತು. ಮೊದಲ ವರ್ಷ ನಾನೂ ತಡವರಿಸಿದ್ದೆ. ಆ ವರ್ಷ ಒಂದು ಗಾರ್ಮೆಂಟ್ಸ್ ಕಂಪನಿಯ ಕಥೆ ಹೇಳಿ, ಬೋರ್ಡ್ ಮೇಲೆ ಕೂಡಿಸುವ ಗುರುತಿನ ಹಾಗೆ ಎರಡು ಗೆರೆ ಎಳೆದೆ. ಒಂದು ಗೆರೆಗೆ ಆರ್ಥಿಕತೆ, ಇನ್ನೊಂದಕ್ಕೆ ತಂತ್ರಜ್ಞಾನ ಅಂತ ಬರೆದೆ. ಏನಾಯಿತು ಅಂದರೆ, ಮೇಲಿನ ಬಲಗಡೆ ಮನೆ ಸ್ವರ್ಗ ಆಯಿತು, ಕೆಳಗಿನ ಎಡಗಡೆ ಮನೆ ನರಕ ಆಯಿತು. ಉಳಿದೆರಡನ್ನು ಖಾಲಿ ಬಿಡಬಾರದು ಅಂತ ಏನೋ ಒಂದು ತುಂಬಿದರು. ಒಬ್ಬ ಹುಡುಗ ನರಕದ ಮನೆಗೆ 'ಡೇಂಜರ್ ಝೋನ್' ಅಂತ ಹೆಸರಿಟ್ಟು ಕೆಂಪು ಬಣ್ಣ ಬಳಿದಿದ್ದ. ಚೆನ್ನಾಗಿ ಕಾಣುತ್ತಿತ್ತು, ಆದರೆ ಅದನ್ನು ನೋಡಿ ಯಾರೂ ಯಾವ ಕೆಲಸವನ್ನೂ ಬೇರೆ ರೀತಿ ಮಾಡುವ ಹಾಗಿರಲಿಲ್ಲ.

ತಪ್ಪು ಮಕ್ಕಳದಲ್ಲ, ನನ್ನದು. ಆ ಕ್ಲಾಸಿನಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದ ಮನುಷ್ಯ ಒಬ್ಬನೂ ಇರಲಿಲ್ಲ. ಯಾರೂ ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿರಲಿಲ್ಲ. ಹಾಗಿದ್ದಾಗ ಭವಿಷ್ಯದ ಮಾತೆಲ್ಲ ಅರಳಿಕಟ್ಟೆ ಹರಟೆ ಆಗುತ್ತದೆ. ಹರಟೆ ಮುಗಿದ ಮೇಲೆ ಸಹಜವಾಗಿ ಬರುವ ಪ್ರಶ್ನೆಯೇ 'ಯಾವುದು ಆಗುತ್ತೆ' ಅನ್ನುವುದು.

ಹಾಗಾಗಿ ನನ್ನ ಮೊದಲ ಸಲಹೆ: ಗೆರೆ ಎಳೆಯುವುದನ್ನು ಮೂರು ಕ್ಲಾಸ್ ಮುಂದಕ್ಕೆ ಹಾಕಿ. ಮೊದಲು ಒಂದು ನಿಜವಾದ ತೀರ್ಮಾನ ಹುಡುಕಿ. ಅದಕ್ಕೆ ತಾರೀಕು ಇರಬೇಕು, ದುಡ್ಡು ಇರಬೇಕು, ಒಮ್ಮೆ ಮಾಡಿದರೆ ಸುಲಭವಾಗಿ ವಾಪಸ್ ಬರಲು ಆಗದ ಹಾಗಿರಬೇಕು. ದೊಡ್ಡ ಕಂಪನಿಯೇ ಬೇಕು ಅಂತಿಲ್ಲ. ನಿಮ್ಮ ಊರಿನ ಸುತ್ತ ಇಂಥವು ಬೇಕಾದಷ್ಟಿವೆ.

ಎರಡನೇ ವರ್ಷ ನಾನು ಹಿಡಿದದ್ದು ಅಡಿಕೆ ಸೀಮೆಯ ಒಂದು ಸಣ್ಣ ಸಹಕಾರ ಸಂಘದ ಕಥೆ. ಸದಸ್ಯರು ಹಸಿ ಅಡಿಕೆ ತಂದು ಸುರಿದರೆ ಸಂಘವೇ ಸುಲಿಸಿ, ಬೇಯಿಸಿ, ಒಣಗಿಸಿ ಕೊಡುವ ದೊಡ್ಡ ಘಟಕ ಹಾಕಬೇಕು ಅಂತ ಅವರ ಆಸೆ. ಸಾಲದ ಅವಧಿ 15 ವರ್ಷ. ಸೆಪ್ಟೆಂಬರ್ ಮಹಾಸಭೆಯಲ್ಲಿ ಹೌದು ಅಥವಾ ಇಲ್ಲ ಆಗಬೇಕು. ಕಾರ್ಯದರ್ಶಿಯವರನ್ನೇ ಕ್ಲಾಸಿಗೆ ಕರೆದೆ. ಅವರು ಪ್ಲಾಸ್ಟಿಕ್ ಫೈಲಿನಲ್ಲಿ ಮೆಷಿನ್ನಿನ ಕೊಟೇಶನ್ ಇಟ್ಟುಕೊಂಡು ಬಂದರು. ಆ ಕಾಗದ ಬೆಂಚಿಂದ ಬೆಂಚಿಗೆ ಹೋಯಿತು. ಕೊನೆಯ ಸಾಲಿನಲ್ಲಿದ್ದ ಮೊತ್ತ ನೋಡಿ ಒಬ್ಬೊಬ್ಬರೇ ಸೆಟೆದು ಕೂತರು. ಹೆಚ್ಚಿನವರದು ತೋಟದ ಮನೆಯೇ, ಸಾಲ ಅಂದರೆ ಏನು ಅಂತ ಗೊತ್ತು. ಕಾರ್ಯದರ್ಶಿಯವರು ಒಂದೇ ಮಾತು ಹೇಳಿದರು: "ನಂಗೆ ಭವಿಷ್ಯ ಬೇಡ. ಸಹಿ ಹಾಕ್ಲೋ ಬೇಡ್ವೋ ಅಷ್ಟು ಹೇಳಿ."

ಆವತ್ತು 'ಯಾವುದು ಆಗುತ್ತೆ' ಅಂತ ಯಾರೂ ಕೇಳಲಿಲ್ಲ. 'ಹೀಗಾದರೆ ಸಾಲ ಕಟ್ಟಲು ಆಗುತ್ತಾ, ಹಾಗಾದರೆ ಆಗುತ್ತಾ' ಅಂತ ಕೇಳತೊಡಗಿದರು. ನಮಗೆ ಬೇಕಾದದ್ದು ಅದೇ ತಾನೇ?

ಆದರೂ ಆ ಹಳೆ ಪ್ರಶ್ನೆ ಕೇಳುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ನಾನು ಮೈಲಾರದ ಕಾರ್ಣಿಕ ನೆನಪಿಸುತ್ತೇನೆ. ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅವನು ಹೇಳುವುದು ಒಂದೇ ಸಾಲು. ಆಮೇಲೆ ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಮಾತು ಒಂದು, ಅರ್ಥ ನೂರು, ಅದೂ ಆದ ಮೇಲೆ ಹಚ್ಚುವ ಅರ್ಥ. ನಾವು ಮಾಡುವುದು ಇದರ ತಿರುವುಮುರುವು. ನಾಲ್ಕು ಉದ್ದದ ಕಥೆ ಹೇಳುತ್ತೇವೆ. ಪ್ರತಿಯೊಂದರಲ್ಲೂ ಏನು ಮಾಡಬೇಕು ಅಂತ ಆಗುವ ಮೊದಲೇ ಯೋಚಿಸಿ ಇಡುತ್ತೇವೆ. ನಾಲ್ಕರಲ್ಲಿ ಒಂದೂ ಹಾಗೇ ಆಗದೇ ಹೋಗಬಹುದು, ಅದರಿಂದ ನಷ್ಟವೇನಿಲ್ಲ.

ಇನ್ನು ಇತಿಹಾಸ. ಅದನ್ನು ಜಾಸ್ತಿ ಎಳೆಯಬೇಡಿ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹರ್ಮನ್ ಕಾನ್ ಅನ್ನುವವರು ಅಣುಯುದ್ಧದ ಬಗ್ಗೆ ಹೀಗೆ ಕಥೆ ಕಟ್ಟುತ್ತಿದ್ದರು, ಸಿನಾರಿಯೋ ಅನ್ನುವ ಪದ ಬಂದದ್ದು ಸಿನಿಮಾದವರಿಂದ. ಇಷ್ಟು ಸಾಕು. ನಿಧಾನಕ್ಕೆ ಹೇಳಬೇಕಾದದ್ದು ಪಿಯರ್ ವಾಕ್ ಅವರ ಕಥೆ. ಫ್ರೆಂಚ್ ಮನುಷ್ಯ. 1970ರ ದಶಕದ ಮೊದಲಲ್ಲಿ ಶೆಲ್ ತೈಲ ಕಂಪನಿಯ ಲಂಡನ್ ಕಚೇರಿಯಲ್ಲಿ ಯೋಜನೆಯ ಕೆಲಸದಲ್ಲಿದ್ದರು. 1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಯಿತು, ಅರಬ್ ದೇಶಗಳು ತೈಲ ಬಿಗಿಹಿಡಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿ ಹೊತ್ತಿಗೆ 11 ಡಾಲರ್ ದಾಟಿತು. ಅದಕ್ಕೆ ಮೊದಲೇ ವಾಕ್ ತಮ್ಮ ಕಂಪನಿಯ ದೊಡ್ಡವರ ಮುಂದೆ ಇಂಥದ್ದೊಂದು ಲೋಕವನ್ನು ಇಟ್ಟಿದ್ದರು.

ಈ ಕಥೆಯನ್ನು ಪವಾಡದ ಹಾಗೆ ಹೇಳುವವರು ಬಹಳ. ಶೆಲ್‌ನವರು ಯುದ್ಧವನ್ನೇ ಮೊದಲು ಕಂಡಿದ್ದರು ಅನ್ನುವ ಮಟ್ಟಕ್ಕೂ ಹೋಗುತ್ತಾರೆ. ದಯವಿಟ್ಟು ನೀವು ಹಾಗೆ ಹೇಳಬೇಡಿ. ಮಕ್ಕಳು ಮತ್ತೆ ಕಾರ್ಣಿಕಕ್ಕೇ ಹೋಗುತ್ತಾರೆ. ವಾಕ್ ಅವರ ಮೊದಲ ಪ್ರಯತ್ನ ಸಪ್ಪೆ ಆಗಿತ್ತು ಅನ್ನುವುದನ್ನು ಮಾತ್ರ ತಪ್ಪದೆ ಹೇಳಿ. ಎಲ್ಲರಿಗೂ ಗೊತ್ತಿದ್ದ ಅನಿಶ್ಚಯಗಳನ್ನೇ ಅಂಕಿ ಹಾಕಿ ಚೆಂದವಾಗಿ ಜೋಡಿಸಿದ್ದರು. ಮ್ಯಾನೇಜರ್‌ಗಳಿಗೆ ಅದರಿಂದ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಇದನ್ನು ಅವರೇ 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದಿದ್ದಾರೆ. ನಿಮ್ಮ ಕ್ಲಾಸಿನಲ್ಲಿ ಆದದ್ದೂ ಅದೇ ಅಲ್ವಾ?

ಎರಡನೇ ಸಲ ಅವರು ಬೇರೆ ಕಡೆಯಿಂದ ಶುರು ಮಾಡಿದರು. ಯಾವುದು ಗೊತ್ತಿಲ್ಲ ಅಂತ ಕೇಳುವ ಮೊದಲು, ಯಾವುದು ಆಗಲೇ ಆಗಿಹೋಗಿದೆ ಅಂತ ಕೇಳಿದರು. ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ದೇಶದ್ದೇ. ಗಂಗೆಯ ಮೇಲ್ಭಾಗದಲ್ಲಿ ಜೋರು ಮಳೆ ಬಿದ್ದರೆ ಇನ್ನೆರಡು ದಿನಕ್ಕೆ ಋಷಿಕೇಶದಲ್ಲಿ ನೀರು ಏರುತ್ತದೆ, ಆಮೇಲೆ ಅಲಹಾಬಾದಿನಲ್ಲಿ, ಆಮೇಲೆ ಕಾಶಿಯಲ್ಲಿ. ಇದು ಭವಿಷ್ಯ ನುಡಿಯುವುದಲ್ಲ. ಮಳೆ ಬಿದ್ದಾಗಿದೆ, ನೀರು ಇನ್ನೂ ದಾರಿಯಲ್ಲಿದೆ, ಅಷ್ಟೇ.

ನಿಮ್ಮ ಮಕ್ಕಳಿಗೆ ಗಂಗೆ ಬೇಡ, ತುಂಗೆ ಸಾಕು. ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗಿತು ಅಂತ ಬೆಳಿಗ್ಗೆ ಸುದ್ದಿ ಬಂದರೆ ಶಿವಮೊಗ್ಗದವರು ಗಾಜನೂರು ಅಣೆಕಟ್ಟಿನ ಗೇಟ್ ವಿಚಾರಿಸುತ್ತಾರೆ. ಆಮೇಲೆ ಹೊಳೆ ದಡಕ್ಕೆ ಹೋಗಿ ಕೋರ್ಪಲಯ್ಯನ ಛತ್ರದ ಮಂಟಪ ಎಷ್ಟು ಮುಳುಗಿದೆ ಅಂತ ನೋಡುತ್ತಾರೆ. ಇದನ್ನು ಯಾವ ಎಂಬಿಎ ಕ್ಲಾಸಿನಲ್ಲೂ ಅವರು ಕಲಿತದ್ದಲ್ಲ. ಇಲ್ಲಿಂದಲೇ ಶುರು ಮಾಡಿ.

ನಾನು ಮಾಡಿಸುವ ಆಟ ಹೀಗಿದೆ. ಪ್ರತಿಯೊಬ್ಬರೂ ಅಡಿಕೆಯ ಮುಂದಿನ 15 ವರ್ಷದ ಬಗ್ಗೆ ಹತ್ತು ಚೀಟಿ ಬರೆದು ತರಬೇಕು. ಗೋಡೆಗೆ ಎರಡು ದೊಡ್ಡ ಕಾಗದ ಅಂಟಿಸುತ್ತೇನೆ. ಒಂದರ ತಲೆಯಲ್ಲಿ 'ಸುರಿದಾಗಿದೆ', ಇನ್ನೊಂದರಲ್ಲಿ 'ಸುರಿದಿಲ್ಲ'. ಚೀಟಿ ಎಲ್ಲಿಗೆ ಹೋಗಬೇಕು ಅಂತ ವಾದ ಮಾಡಿ ಗೆದ್ದ ಮೇಲೆಯೇ ಅಂಟಿಸಬೇಕು. ಮೊದಲ ಅರ್ಧ ಗಂಟೆಯಲ್ಲೇ ಅರ್ಧ ಚೀಟಿ ಬಿದ್ದುಹೋಗುತ್ತವೆ. 'ಅಡಿಕೆ ರೇಟು ಇಳಿಯುತ್ತೆ' ಅಂತ ಹತ್ತು ಜನ ಬರೆದಿರುತ್ತಾರೆ. ಅದು ಮಳೆಯಲ್ಲ, ಹೊಳೆ ಮಟ್ಟ. ಯಾವ ಮಳೆಯಿಂದ ಆ ಮಟ್ಟ ಬರುತ್ತದೆ ಅಂತ ಕೇಳಿ ವಾಪಸ್ ಕೊಡುತ್ತೇನೆ.

ಆಮೇಲೆ ಒಳ್ಳೆ ಚೀಟಿಗಳು ಬರುತ್ತವೆ. 'ಚನ್ನಗಿರಿ, ದಾವಣಗೆರೆ, ಚಿತ್ರದುರ್ಗ ಕಡೆ ಗದ್ದೆ-ಹೊಲ ತೋಟ ಆಗಿದೆ.' ಇದು ಸುರಿದಾಗಿದೆ. ಅಡಿಕೆ ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಕಳೆದ ಐದು ವರ್ಷದಲ್ಲಿ ಬಯಲುಸೀಮೆಯಲ್ಲಿ ನೆಟ್ಟದ್ದೆಲ್ಲ ಇನ್ನೂ ದಾರಿಯಲ್ಲಿರುವ ನೀರು. ರೇಟು ಏನೇ ಆಗಲಿ, ಆ ಅಡಿಕೆ ಮಾರುಕಟ್ಟೆಗೆ ಬರುತ್ತದೆ, ಮರ ಕಡಿದರೆ ಅಥವಾ ಬೋರ್‌ವೆಲ್ ಬತ್ತಿದರೆ ಮಾತ್ರ ಇಲ್ಲ. ಹಾಗಾದರೆ ಅಲ್ಲಿಯ ಅಂತರ್ಜಲ ಯಾವ ಕಡೆ ಹೋಗಬೇಕು? ಅದರ ಮೇಲೆ ಇನ್ನೊಂದು ಜಗಳ. ಇಂಥ ಜಗಳ ಬಂದರೆ ತಡೆಯಬೇಡಿ, ಬೆಲ್ ಆದರೂ ಪರವಾಗಿಲ್ಲ.

ಒಂದು ಸಲ 'ಅಡಿಕೆ ಕೊನೆ (ಗೊನೆ) ಕೊಯ್ಯುವವರು ಸಿಗುವುದಿಲ್ಲ' ಅನ್ನುವ ಚೀಟಿ ಬಂತು. ಒಬ್ಬ ಹುಡುಗ ಎದ್ದು, ಸಂಬಳ ಜಾಸ್ತಿ ಕೊಟ್ಟರೆ ಸಿಗುತ್ತಾರೆ, ಅದು ಸುರಿಯದ ಮಳೆ ಅಂದ. ಹಿಂದಿನ ಬೆಂಚಿಂದ ಒಬ್ಬಳು ಹುಡುಗಿ ಮೆಲ್ಲಗೆ ಹೇಳಿದಳು: "ನಮ್ಮಪ್ಪ ಮರ ಹತ್ತೋದು. ಅವರಿಗೀಗ 54. ನಮ್ಮೂರಲ್ಲಿ ಅವರಿಗಿಂತ ಸಣ್ಣವರು ಹತ್ತೋರು ಇಬ್ಬರೇ." ಕ್ಲಾಸ್ ಸುಮ್ಮನಾಯಿತು. ಯಾರೂ ವಾದ ಮಾಡಲಿಲ್ಲ. ಚೀಟಿ 'ಸುರಿದಾಗಿದೆ' ಕಡೆಗೆ ಹೋಯಿತು. ಅವಳೇ ಇನ್ನೊಂದು ಚೀಟಿ ಬರೆದಳು: ಫೈಬರ್ ದೋಟಿಯಲ್ಲಿ ನೆಲದ ಮೇಲೇ ನಿಂತು ಕೊಯ್ಯುವವರು ಎಷ್ಟು ಜನ ಆಗುತ್ತಾರೆ? ಅದು 'ಸುರಿದಿಲ್ಲ' ಕಡೆಗೆ ಹೋಯಿತು. ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಪಾಠ ಅವಳು ಮಾಡಿದಳು ಅಂತ ಈಗಲೂ ಅನ್ನಿಸುತ್ತದೆ.

ಗುಟ್ಕಾ ಚೀಟಿಯೂ ಬಂದೇ ಬರುತ್ತದೆ. 'ಸರ್ಕಾರ ನಿಷೇಧ ಮಾಡಿದರೆ?' ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲೇ. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಅಂಗಡಿಯಲ್ಲಿ ತೂಗಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ಎರಡೂ ಸುರಿದ ಮಳೆಯೇ. ಹಾಗಾದರೆ ನಿಜವಾಗಿ ಗೊತ್ತಿಲ್ಲದ್ದು ಯಾವುದು? ಕಾನೂನು ಬರುತ್ತಾ ಅನ್ನುವುದಲ್ಲ, ಜನ ಜಗಿಯುವುದು ಕಡಿಮೆ ಆಗುತ್ತಾ ಅನ್ನುವುದು. ಹೀಗೆ ಪ್ರಶ್ನೆ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ಇಳಿಸುವುದೇ ನಿಮ್ಮ ಕೆಲಸ. ಆಮದು ಅಡಿಕೆಯದೂ ಇದೇ ಕಥೆ. ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರದೇಶದಿಂದ ತರುವ ಹಾಗಿಲ್ಲ ಅನ್ನುವ ಮಿತಿ, 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ದೆಹಲಿಯ ಒಂದು ಆದೇಶದಿಂದ ಏರಿದ್ದು ಇನ್ನೊಂದು ಆದೇಶದಿಂದ ಇಳಿಯಬಹುದು.

ಚೀಟಿ ಆಟ ಮುಗಿದ ಮೇಲೂ ಗೆರೆ ಎಳೆಯಬೇಡಿ. ಇನ್ನೊಂದು ಪರೀಕ್ಷೆ ಇದೆ. ವಾಕ್ ತಮ್ಮ ಮೇಲಿನವರನ್ನು ಅಲುಗಾಡಿಸಿದ್ದು ಇದರಿಂದಲೇ. ಎಲ್ಲ ಈಗಿನ ಹಾಗೇ ಸಲೀಸಾಗಿ ನಡೆಯುತ್ತೆ ಅಂತ ಅವರು ನಂಬಿದ್ದರಲ್ಲ, ಆ ನಂಬಿಕೆ ನಿಜ ಆಗಬೇಕಾದರೆ ಒಟ್ಟಿಗೇ ಮೂರು ಪವಾಡ ಆಗಬೇಕು ಅಂತ ತೋರಿಸಿಕೊಟ್ಟರು. ಹೊಸ ತೈಲ ಸಿಗುತ್ತಲೇ ಇರಬೇಕು, ತೈಲದ ದೇಶಗಳು ಕೇಳಿದಷ್ಟು ಮೇಲೆತ್ತುತ್ತಲೇ ಇರಬೇಕು, ನಡುವೆ ಯಾವ ಅವಘಡವೂ ಆಗಬಾರದು. ಭಯ ಹುಟ್ಟಿಸುವ ಕಥೆಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಯಾಕೆ ಅಂದರೆ ಭಯದ ಕಥೆಯನ್ನು ಜನ ತಳ್ಳಿಹಾಕಬಹುದು, ತಮ್ಮದೇ ನಂಬಿಕೆಯನ್ನು ತಳ್ಳಿಹಾಕುವುದು ಕಷ್ಟ.

ಕಾರ್ಯದರ್ಶಿಯವರ ಮುಂದೆ ಮಕ್ಕಳಿಗೆ ಇದನ್ನೇ ಮಾಡಿಸಿದೆ. ಅವರ ಲೆಕ್ಕದಲ್ಲಿ ರೇಟು ಈಗಿನ ಮಟ್ಟದಲ್ಲೇ, ಸದಸ್ಯರ ಫಸಲು ಈಗಿನಷ್ಟೇ. 15 ವರ್ಷ ಇದು ಹೀಗೇ ಇರಬೇಕಾದರೆ ಏನೇನು ಆಗಬೇಕು? ಬಯಲಿನಿಂದ ಇಷ್ಟು ಅಡಿಕೆ ಬಂದರೂ ಅಷ್ಟನ್ನೂ ಜಗಿಯುವ ಜನ ಹುಟ್ಟಬೇಕು. ಆಮದು ಬಾಗಿಲು ಮುಚ್ಚಿಯೇ ಇರಬೇಕು. 2022ರಲ್ಲಿ ಮಲೆನಾಡನ್ನು ಹೆದರಿಸಿದ ಎಲೆ ಚುಕ್ಕಿ ರೋಗ, ಶೃಂಗೇರಿ-ಕೊಪ್ಪ ಕಡೆ ದಶಕಗಳಿಂದ ಇರುವ ಹಳದಿ ಎಲೆ ರೋಗ, ಎರಡೂ ಇದ್ದಲ್ಲೇ ನಿಲ್ಲಬೇಕು. ಬೋರ್ಡ್ ಮೇಲೆ ಮೂರನೇದು ಬರೆಯುವ ಹೊತ್ತಿಗೆ ಕಾರ್ಯದರ್ಶಿಯವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. "ಇದು ನಾವು ಯೋಚ್ನೆ ಮಾಡಿಲ್ಲ ಅಂತಲ್ಲ, ಒಟ್ಟಿಗೆ ಯೋಚ್ನೆ ಮಾಡಿಲ್ಲ" ಅಂದರು.

ಇದಾದ ಮೇಲೆ ಪಾತ್ರ ಹಂಚಿ. ತೈಲದ ದೇಶಗಳನ್ನು ವಾಕ್ ಒಂದು ಗುಂಪಾಗಿ ನೋಡಲಿಲ್ಲ, ಒಂದೊಂದನ್ನೂ ಬೇರೆ ಬೇರೆ ನೋಡಿದರು. ಕೆಲವಕ್ಕೆ ಜನ ಜಾಸ್ತಿ, ದುಡ್ಡು ಎಷ್ಟಿದ್ದರೂ ಬೇಕು. ಸೌದಿ ಅರೇಬಿಯಕ್ಕೆ ತೈಲ ಜಾಸ್ತಿ, ಜನ ಕಡಿಮೆ. ಖರ್ಚೇ ಮಾಡಲಾಗದ ದುಡ್ಡಿಗಾಗಿ ತೈಲ ಯಾಕೆ ಮೇಲೆತ್ತಬೇಕು? ನೆಲದಲ್ಲೇ ಇದ್ದರೆ ಬೆಲೆ ಏರುತ್ತದೆ. ಅವರ ಕಣ್ಣಿಂದ ನೋಡಿದಾಗ ಮಾತ್ರ ಇದು ಕಾಣುವುದು. ನಮ್ಮ ಕ್ಲಾಸಿನಲ್ಲಿ ಒಬ್ಬ ಬೋರ್‌ವೆಲ್ ಸಾಲ ಮಾಡಿ ಎರಡು ಎಕರೆ ತೋಟ ಹಾಕಿದ ಬಯಲಿನ ರೈತ, ಒಬ್ಬ ಕಾನ್ಪುರದ ಪಾನ್ ಮಸಾಲ ತಯಾರಕ, ಒಬ್ಬಳು ದೆಹಲಿಯ ಅಧಿಕಾರಿ, ಒಬ್ಬಳು ಬಾಯಿ ಕ್ಯಾನ್ಸರ್ ನೋಡುವ ಡಾಕ್ಟರ್. 'ನಾನು' ಅಂತಲೇ ಮಾತಾಡಬೇಕು, 'ಅವರು' ಅನ್ನುವ ಹಾಗಿಲ್ಲ. ತೋಟದ ಮನೆಯ ಮಕ್ಕಳಿಗೆ ತಮ್ಮ ಅಪ್ಪನ ಪಾತ್ರ ಕೊಡಬೇಡಿ. ಅದು ಅವರಿಗೆ ಆಗಲೇ ಬಾಯಿಪಾಠ.

ಈಗ ಗೆರೆ. ನನ್ನ ನಿಯಮ ಮೂರೇ. ಗೆರೆಯ ಎರಡು ತುದಿಯಲ್ಲೂ ಲಾಭ ಆಗುವ ಜನ ಯಾರಾದರೂ ಇರಬೇಕು. 'ಒಳ್ಳೆಯದು-ಕೆಟ್ಟದ್ದು' ಅಂತಾದರೆ ಆ ಗೆರೆ ಅಳಿಸಿ. ಎರಡನೆಯದು, ಒಂದು ಗೆರೆ ಇನ್ನೊಂದರ ಬಾಲ ಆಗಬಾರದು. ಬೇಡಿಕೆ ಒಂದು ಗೆರೆ, ರೇಟು ಇನ್ನೊಂದು ಗೆರೆ ಅಂತ ಹಾಕಿದರೆ ಎರಡೂ ಒಂದೇ. ಮೂರನೆಯದು, ಸುರಿದ ಮಳೆ ಗೆರೆ ಆಗಬಾರದು. ಬಯಲಿನ ಅಡಿಕೆ ನಾಲ್ಕು ಮನೆಯಲ್ಲೂ ಇರುತ್ತದೆ, ಅದಕ್ಕೆ ಆಯ್ಕೆ ಇಲ್ಲ.

ನಮ್ಮ ಮಕ್ಕಳು ಉಳಿಸಿಕೊಂಡ ಎರಡು ಗೆರೆ: ಜಗಿಯುವ ಚಟ ಹೀಗೇ ಇರುತ್ತಾ, ಇಲ್ಲ ಒಂದು ತಲೆಮಾರಿನಲ್ಲಿ ಇಳಿಯುತ್ತಾ? ರೋಗ ಹಿಡಿತಕ್ಕೆ ಬರುತ್ತಾ, ಇಲ್ಲ ಮಲೆನಾಡಿನ ತೋಟಗಳನ್ನು ತಿನ್ನುತ್ತಾ? ಚಟವೂ ಇದೆ, ರೋಗವೂ ನಿಂತಿದೆ ಅನ್ನುವ ಮನೆಯನ್ನು ಮೊದಲು ಸ್ವರ್ಗ ಅಂದುಕೊಂಡರು. ಬರೆಯುತ್ತ ಹೋದ ಹಾಗೆ ಮುಖ ಬದಲಾಯಿತು. ಎಲ್ಲೆಲ್ಲೂ ಅಡಿಕೆ, ರೇಟು ನಡುಮಟ್ಟ, ಖರ್ಚು ಕಡಿಮೆ ಇರುವ ಬಯಲಿನವರ ಜೊತೆ ಪೈಪೋಟಿ. ಸಂಘದ ಘಟಕ ಓಡುತ್ತದೆ, ಲಾಭ ತೆಳು. ಅದಕ್ಕೆ 'ಎಲ್ಲರ ತೋಟ' ಅಂತ ಹೆಸರಿಟ್ಟರು. ಚಟ ಇದೆ, ಮಲೆನಾಡಿನಲ್ಲಿ ರೋಗ ಹಬ್ಬಿದೆ ಅನ್ನುವುದು ಇನ್ನೂ ವಿಚಿತ್ರ. ರೇಟು ಆಕಾಶದಲ್ಲಿ, ಪೇಪರಿನಲ್ಲಿ ಖುಷಿಯ ಸುದ್ದಿ, ಆದರೆ ಸಂಘದ ಸದಸ್ಯರ ಮನೆ ಅಂಗಳ ಖಾಲಿ. ಮೆಷಿನ್ ಇದೆ, ಸುಲಿಯಲು ಅಡಿಕೆ ಇಲ್ಲ. ಇದು 'ಪಕ್ಕದೂರ ಜಾತ್ರೆ'.

ಚಟ ಇಳಿದಿದೆ, ಮರ ಚೆನ್ನಾಗಿದೆ ಅನ್ನುವುದು 'ತುಂಬಿದ ಉಗ್ರಾಣ'. ಒಣ ಅಡಿಕೆ ಮೂಟೆ ಮೇಲೆ ಮೂಟೆ, ಕೊಳ್ಳುವವರಿಲ್ಲ. ರೇಟು ಬರಲಿ ಅಂತ ಸದಸ್ಯರು ಕಾಯುತ್ತಾರೆ, ಅಷ್ಟರಲ್ಲಿ ಬೆಳೆಸಾಲದ ಗಡುವು ಬರುತ್ತದೆ. ನಾಲ್ಕನೆಯದು ಚಟವೂ ಇಳಿದು ಮರವೂ ಹೋಗುವ ಮನೆ. ಅದನ್ನು ಸ್ಮಶಾನದ ಹಾಗೆ ಬರೆದು ತಂದಿದ್ದರು. ವಾಪಸ್ ಕೊಟ್ಟೆ. ಜನ ಅಷ್ಟು ದಿನ ಸುಮ್ನೆ ಕೂತಿರುತ್ತಾರಾ? ಮಾರನೇ ದಿನ ಅದೇ ತೋಟದಲ್ಲಿ ಕಾಳುಮೆಣಸು, ಕಾಫಿ, ಕೋಕೋ, ಮನೆಯ ಪಕ್ಕ ಹೋಮ್‌ಸ್ಟೇ ಬಂದವು. ಹೆಸರು 'ಮರದ ಕೆಳಗಿನ ಬೆಳೆ'. ಇದು ಬರೀ ಕಲ್ಪನೆಯಲ್ಲ ಅಂತ ತೋರಿಸಲು ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಥೆ ಹೇಳಿದೆ. ಅಡಿಕೆ ರೇಟು ನೆಲ ಕಚ್ಚಿದ ಹೊತ್ತಿನಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಆಮೇಲೆ ಕೋಕೋ ಕೊಳ್ಳುವವರು ಕೈಬಿಟ್ಟಾಗ ತಾನೇ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು. ಶೆಲ್‌ನವರ ತೈಲದ ಪೆಟ್ಟು, ಕ್ಯಾಂಪ್ಕೊ ಹುಟ್ಟು, ಎರಡೂ ಒಂದೇ ವರ್ಷ. ಇದಕ್ಕೇನೂ ಅರ್ಥವಿಲ್ಲ, ಆದರೆ ಮಕ್ಕಳಿಗೆ ಇಸವಿ ಮರೆಯುವುದಿಲ್ಲ.

ಆಮೇಲೆ ಕೊಟೇಶನ್ ಕಾಗದವನ್ನು ನಾಲ್ಕೂ ಮನೆಗೆ ಒಯ್ದೆವು. ಸುಲಿದು ಬೇಯಿಸುವ ದೊಡ್ಡ ಘಟಕ ಒಂದೇ ಮನೆಯಲ್ಲಿ ಸಾಲ ತೀರಿಸುತ್ತದೆ, ಅದೂ ಕಷ್ಟಪಟ್ಟು. ಒಳ್ಳೆ ಗೋದಾಮು ಇದ್ದರೆ ಮೂರು ಮನೆಯಲ್ಲಿ ಉಪಯೋಗ, ಯಾಕೆಂದರೆ ಅಲ್ಲಿ ಮೆಣಸು, ಕಾಫಿಯನ್ನೂ ಇಡಬಹುದು. ಇದು ಹೊಳೆದದ್ದು ಕಾರ್ಯದರ್ಶಿಯವರಿಗೇ, ಮಕ್ಕಳಿಗಲ್ಲ. ಕೊನೆಗೆ ಅವರು ಮಹಾಸಭೆಗೆ ಒಯ್ದ ಪ್ರಸ್ತಾವ ಹೌದೂ ಅಲ್ಲ, ಇಲ್ಲವೂ ಅಲ್ಲ: ಮೊದಲು ಗೋದಾಮು, ಪಕ್ಕದ ಜಾಗ ಖಾಲಿ, ಸಣ್ಣ ಸುಲಿಯುವ ಮೆಷಿನ್ ಒಂದು. ಪೂರ್ತಿ ಘಟಕದ ಮಾತು ಮೂರು ವರ್ಷದ ನಂತರ. ಅವರು ಕೇಳಿಕೊಂಡು ಬಂದ ಪ್ರಶ್ನೆಯೇ ಬದಲಾಗಿತ್ತು. ಕ್ಲಾಸ್ ಗೆದ್ದಿತು ಅಂತ ನಾನು ಹೇಳುವುದು ಆಗ ಮಾತ್ರ.

ಹೆಸರಿನ ಬಗ್ಗೆ ಒಂದು ಮಾತು. ದಕ್ಷಿಣ ಆಫ್ರಿಕದಲ್ಲಿ 1991-92ರಲ್ಲಿ, ವರ್ಣಭೇದ ಮುಗಿಯುವ ಹೊತ್ತಿಗೆ, ಮಾಂಟ್ ಫ್ಲ್ಯೂರ್ ಅನ್ನುವಲ್ಲಿ 22 ಜನ ಸೇರಿ ದೇಶದ ನಾಲ್ಕು ದಾರಿ ಬರೆದರು. ಎದುರುಬದುರು ಪಕ್ಷದವರು, ವ್ಯಾಪಾರದವರು, ಕಾರ್ಮಿಕ ಸಂಘದವರು ಒಂದೇ ಕೋಣೆಯಲ್ಲಿ. ಶೆಲ್‌ನಿಂದ ಹೋದ ಆಡಂ ಕಹಾನೆ ನಡೆಸಿಕೊಟ್ಟರು. ದಾರಿಗಳಿಗೆ ಇಟ್ಟದ್ದು ಹಕ್ಕಿಯ, ಹಾರಾಟದ ಹೆಸರು: ಮರಳಲ್ಲಿ ತಲೆ ಹುದುಗಿಸುವ ಆಸ್ಟ್ರಿಚ್, ಕುಂಟು ಬಾತುಕೋಳಿ, ಸೂರ್ಯನ ಹತ್ತಿರ ಹಾರಿ ರೆಕ್ಕೆ ಕರಗಿಸಿಕೊಂಡ ಗ್ರೀಕ್ ಕಥೆಯ ಇಕಾರಸ್, ನಿಧಾನಕ್ಕೆ ಒಟ್ಟಿಗೇ ಏಳುವ ಫ್ಲೆಮಿಂಗೋ. ಸಿಕ್ಕಾಪಟ್ಟೆ ಖರ್ಚು ಮಾಡಿ ಮುಳುಗುವ ಸರ್ಕಾರದ ಕಥೆ ಇಕಾರಸ್‌ದು. ಆ ಕೋಣೆಯಲ್ಲಿದ್ದ ಟ್ರೆವರ್ ಮ್ಯಾನುಯಲ್ ಮುಂದೆ ಹಣಕಾಸು ಮಂತ್ರಿಯಾದರು. ನಿಮ್ಮ ಮಕ್ಕಳೂ 'ಸಿನಾರಿಯೋ ಒಂದು, ಎರಡು' ಅಂತ ಬರೆಯದೆ ಹೆಸರು ಇಡಲಿ. ಹೆಸರಿದ್ದರೆ ಸಭೆಯಲ್ಲಿ ಅರ್ಧ ವಾಕ್ಯ ಸಾಕು: "ಏನ್ರೀ, ಪಕ್ಕದೂರ ಜಾತ್ರೆ ಶುರುವಾಯ್ತು ಅನ್ಸುತ್ತೆ."

ಸಂಖ್ಯೆ ಎಷ್ಟಿರಬೇಕು ಅಂತ ಕೇಳುತ್ತಾರೆ. ಮೂರು ಬೇಡ, ಎಲ್ಲರೂ ನಡುವಿನದನ್ನು ಹಿಡಿಯುತ್ತಾರೆ. ಎರಡು ಅಥವಾ ನಾಲ್ಕು. ಶೇಕಡಾವಾರು ಸಾಧ್ಯತೆ ಬರೆಯಲು ಬಿಡಬೇಡಿ. 60 ಅಂತ ಬರೆದ ಕೂಡಲೇ ಉಳಿದ ಮೂರನ್ನು ಯಾರೂ ಓದುವುದಿಲ್ಲ.

ಈಗಿನ ಇನ್ನೊಂದು ತಲೆನೋವು ನಿಮಗೂ ಇರುತ್ತದೆ. ಮೊಬೈಲ್‌ನಲ್ಲಿ ಎಐಗೆ ಕೇಳಿದರೆ ಎರಡು ನಿಮಿಷಕ್ಕೆ ನಾಲ್ಕು ನುಣುಪು ಕಥೆ ಬರುತ್ತವೆ. ಬೈಯುವುದರಿಂದ ಪ್ರಯೋಜನ ಇಲ್ಲ. ನಾನು ಅದರ ಬದಲು ಮೂರು ಜನರ ಸಂದರ್ಶನ ಕಡ್ಡಾಯ ಮಾಡಿದ್ದೇನೆ. ಅದರಲ್ಲಿ ಶೆಲ್‌ನವರು ಬಳಸುತ್ತಿದ್ದ ಒಂದು ಪ್ರಶ್ನೆ ಇರಲೇಬೇಕು: ಭವಿಷ್ಯ ಎಲ್ಲ ಗೊತ್ತಿರುವವರು ಸಿಕ್ಕರೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ? ನಮ್ಮಲ್ಲಿ ಇದನ್ನು 'ಕಣಿ ಹೇಳುವವಳು ಬಾಗಿಲಿಗೆ ಬಂದರೆ' ಅಂತ ಕೇಳಿ. ಮಂಡಿಯ ದಲಾಲರೊಬ್ಬರು ರೇಟಿನ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದು, "ನನ್ನ ಮಗ ಈ ಅಂಗಡಿಯಲ್ಲಿ ಕೂರ್ತಾನಾ?" ಎಐ ಇದನ್ನು ಹೇಳುತ್ತಿರಲಿಲ್ಲ.

ಮಾರ್ಕ್ಸ್ ವಿಷಯ. 'ಕಥೆ ನಿಜ ಆಗುತ್ತಾ' ಅಂತ ನೋಡಿ ಕೊಡಲು ಆಗುವುದಿಲ್ಲ. ನಾನು ಅರ್ಧ ಮಾರ್ಕ್ಸ್ ಚೀಟಿ ಆಟಕ್ಕೇ ಇಡುತ್ತೇನೆ: ಸುರಿದದ್ದು, ಸುರಿಯದ್ದು ಬೇರೆ ಮಾಡಿದ್ದಕ್ಕೆ ಕಾರಣ ಕೊಟ್ಟಿದ್ದಾರಾ. ಕಥೆಗೆ ಕಡಿಮೆ ಮಾರ್ಕ್ಸ್, ಭಾಷೆ ಚೆನ್ನಾಗಿರುವವರು ಅಲ್ಲೇ ಗಿಟ್ಟಿಸಿಕೊಂಡುಬಿಡುತ್ತಾರೆ. ವೈವಾದಲ್ಲಿ ಒಂದು ತಂಡದ ಕಥೆಯನ್ನು ಇನ್ನೊಂದು ತಂಡ ನಂಬಿದವರ ಹಾಗೆ ವಾದ ಮಾಡಬೇಕು. ಆಗಲಿಲ್ಲ ಅಂದರೆ ಕಥೆಯಲ್ಲೇ ಎಲ್ಲೋ ಕೊಂಡಿ ಕಳಚಿದೆ. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ಈ ಕಥೆ ಓದಿ ಸಂಘದವರು ಬರುವ ಸೋಮವಾರ ಯಾವ ಕೆಲಸ ಬೇರೆ ರೀತಿ ಮಾಡುತ್ತಾರೆ? ಉತ್ತರ ಇಲ್ಲದಿದ್ದರೆ ಪಾಸ್ ಮಾರ್ಕ್ಸ್ ಅಷ್ಟೇ.

ನಾನು ಇದಕ್ಕೆ ತೆಗೆದುಕೊಳ್ಳುವುದು ಆರು ಕ್ಲಾಸ್, ಒಂದು ಶನಿವಾರ ಪೂರ್ತಿ. ಸಿಲಬಸ್‌ನಲ್ಲಿ ಎರಡೇ ಗಂಟೆ ಇದೆ ಅಂತ ಗೊತ್ತು. ಬೇರೆ ಅಧ್ಯಾಯದಿಂದ ಕದಿಯಿರಿ.

ಕೊನೆಗೊಂದು ಹಾಳೆ ಮಾಡಿಸಿ: ಯಾವ ಮನೆಯ ಕಡೆ ಹೊರಟಿದ್ದೇವೆ ಅಂತ ತಿಳಿಯಲು ಏನು ನೋಡುತ್ತಿರಬೇಕು. ನಮ್ಮದರಲ್ಲಿ ಇದ್ದವು: ನರ್ಸರಿಗಳಲ್ಲಿ ಈ ವರ್ಷ ಎಷ್ಟು ಅಡಿಕೆ ಸಸಿ ಹೋಯಿತು, ಚನ್ನಗಿರಿ ಮಾರುಕಟ್ಟೆಗೆ ಆವಕ ಎಷ್ಟು, ಎಲೆ ಚುಕ್ಕಿ ಯಾವ ಹೋಬಳಿ ದಾಟಿತು, ಆಮದು ಬೆಲೆಯ ಆದೇಶ ಏನಾಯಿತು, ಊರಿನ ಗೂಡಂಗಡಿಯಲ್ಲಿ ಯಾವ ವಯಸ್ಸಿನವರು ಪೊಟ್ಟಣ ಹರಿಯುತ್ತಿದ್ದಾರೆ. ಪ್ರತಿಯೊಂದರ ಮುಂದೆ ಯಾರು ನೋಡಬೇಕು ಅಂತ ಹೆಸರು. ನಮ್ಮ ಹಾಳೆಯ ಒಂದು ಪ್ರತಿ ಸಂಘದ ಆಫೀಸಿನ ಗೋಡೆಯಲ್ಲಿದೆ. ಇನ್ನೊಂದು ನನ್ನ ಬೀರುವಿನಲ್ಲಿ. ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ಕ್ಲಾಸಿನಲ್ಲಿ ಅದನ್ನು ತೆಗೆದು, ಫೋನ್ ಮಾಡಿ ಕೇಳಿ, ಪೆನ್ಸಿಲ್‌ನಲ್ಲಿ ತುಂಬುತ್ತೇವೆ. ನರ್ಸರಿಯವರಿಗೆ ಫೋನ್ ಮಾಡುವುದು ಕೊನೆಯ ಬೆಂಚಿನವರ ಕೆಲಸ. ನೀವು ಶುರು ಮಾಡುವುದಿದ್ದರೆ ಹಾಳೆಯ ನಮೂನೆ ಬರೆದು ಕಳಿಸುತ್ತೇನೆ, ಆದರೆ ಅಡಿಕೆಯನ್ನೇ ಹಿಡಿಯಬೇಡಿ. ನಿಮ್ಮ ಕಾಲೇಜಿನ ಹತ್ತಿರ ಸಹಿಗೆ ಕಾಯುತ್ತಿರುವ ಕಾಗದ ಯಾವುದಿದೆ ನೋಡಿ.